ಯಾರೆಲಿಯ ತೋಳಿನ ಊತ

ದೋನ್ಯಾ ಬ್ರಿಹಿದಾ ಎಂಬ ಹೆಸರೆತ್ತಿದರೆ, ಫ್ರೆಸ್ನೋ ಪಟ್ಟಣದ ಆಚೆಗಿನ ನಮ್ಮ ಪೀಚ್ ತೋಟಗಳ ಊರಿನಲ್ಲಿ ಇವತ್ತಿಗೂ ಅರ್ಧ ಜನ ಮುಖ ಸಿಂಡರಿಸುತ್ತಾರೆ. ನಮ್ಮವರಲ್ಲಿ ದೋನ್ಯಾ ಎಂದರೆ ಅಮ್ಮಾವ್ರು, ದೋನ್ ಎಂದರೆ ಯಜಮಾನರು. ಇಪ್ಪತ್ತು ವರ್ಷ ಊರ ಆಸ್ಪತ್ರೆಯಲ್ಲಿ ಆಯಾ ಆಗಿ ರೋಗಿಗಳ ಮೈ ತೊಳೆದವರು ಅವರು. ಆಮೇಲೆ ಹೈಸ್ಕೂಲಿನ ಹಿಂಬದಿಯ ಕೋಣೆಯಲ್ಲಿ ಕೂತು, ಕೂಲಿಯವರ ಮಕ್ಕಳಾದ ನಮ್ಮನ್ನು ನರ್ಸಿಂಗ್ ಕಾಲೇಜಿಗೆ ದಾಟಿಸುವುದೇ ಅವರ ಕೆಲಸವಾಯಿತು. ದಾಟಿಸುವುದೆಂದರೆ ಬೈದು ದಾಟಿಸುವುದು. "ಇದೇನು ಅರ್ಜೀನೋ, ಕೋಳಿ ಕೆದಕಿದ್ದೋ?" ಎಂದು ಕಾಗದವನ್ನು ಮುಖಕ್ಕೇ ಎಸೆಯುತ್ತಿದ್ದರು.

ಆ ಬೇಸಿಗೆ ಆಸ್ಪತ್ರೆಯ ತರಬೇತಿಗೆ ನಾವು ನಾಲ್ವರು ಆಯ್ಕೆಯಾದೆವು. ಅದು ಮುಗಿಸಿದ ಪತ್ರವಿಲ್ಲದೆ ಕಾಲೇಜಿನಲ್ಲಿ ಉಚಿತ ಸೀಟಿಲ್ಲ. ಸೇರುವ ಮೊದಲು ಕ್ಷಯದ ಪರೀಕ್ಷೆ: ಮುಂದೋಳಿಗೊಂದು ಚುಚ್ಚುಮದ್ದು, ಎರಡು ದಿನ ಬಿಟ್ಟು ಊತ ಅಳೆಯುವುದು. ನಮ್ಮ ಮೂವರದು ಸಪಾಟಾಗಿತ್ತು. ನಾಲ್ಕನೆಯವಳಾದ ಯಾರೆಲಿಯ ತೋಳು ಅರ್ಧ ನಿಂಬೆಹಣ್ಣಿನಂತೆ ಉಬ್ಬಿತ್ತು.

ತರಬೇತಿ ನೋಡಿಕೊಳ್ಳುವ ಡಾಲ್ಬರ್ಗ್ ಮೇಡಂ ಕುರ್ಚಿ ಹಿಂದಕ್ಕೆಳೆದುಕೊಂಡರು. "ಇವಳನ್ನ ರೋಗಿಗಳ ಹತ್ರ ಬಿಡೋಕಾಗಲ್ಲ. ಕರ್ಕೊಂಡ್ ಹೋಗಿ," ಎಂದರು ನಮ್ಮ ಜೊತೆ ಬಂದಿದ್ದ ದೋನ್ಯಾ ಬ್ರಿಹಿದಾಗೆ.

ಯಾರೆಲಿ ಹುಟ್ಟಿದ್ದು ಗಡಿಯಾಚೆಯ ಮೆಕ್ಸಿಕೋದಲ್ಲಿ. ಅಲ್ಲಿ ಹಸುಗೂಸಿಗೇ ಕ್ಷಯದ ಲಸಿಕೆ ಹಾಕುತ್ತಾರೆ. ಭುಜದಲ್ಲಿ ಕಲೆ ಉಳಿಯುತ್ತದೆ. ಅಂಥವರ ತೋಳು ರೋಗವಿಲ್ಲದೆಯೂ ಊದಬಹುದು, ಅವರಿಗೆ ರಕ್ತಪರೀಕ್ಷೆಯೇ ಸರಿ. ದೋನ್ಯಾ ಬ್ರಿಹಿದಾಗೆ ಇದು ಗೊತ್ತಿತ್ತು, ಅವರ ಭುಜದಲ್ಲೂ ಆ ಕಲೆಯಿತ್ತು. ನಾಲ್ವರನ್ನೂ ಒಂದೇ ಸಲ ಸಾಗಿಸುವ ಆತುರದಲ್ಲಿ ಹುಡುಗಿಯ ಭುಜ ನೋಡಿರಲಿಲ್ಲ.

ಮರುದಿನ ಅವಳಪ್ಪ ಸಿರಿಲೋ ಟೋಪಿಯನ್ನೂ ತೆಗೆಯದೆ ಶಾಲೆಗೆ ನುಗ್ಗಿದ.

"ಮಗಳನ್ನ ಓದ್ಸಿ ಅಂತ ಕಳ್ಸಿದ್ರೆ ರೋಗದ ಹೆಸ್ರು ಕಟ್ಟಿ ಕಳ್ಸಿದೀರ! ಹಣ್ಣಿನ ಶೆಡ್ಡಲ್ಲಿ ಇವತ್ತು ನನ್ ಹೆಂಡ್ತಿ ಪಕ್ಕ ಯಾರೂ ನಿಂತ್ಕೊಳ್ಲಿಲ್ಲ."

"ಅಲ್ಲಿರೋರು ಕತ್ತೆಗಳು, ದೋನ್ ಸಿರಿಲೋ. ರಕ್ತಪರೀಕ್ಷೆ ಮಾಡಿಸ್ತೀನಿ, ಸ್ವಲ್ಪ ತಡ್ಕೊಳ್ಳಿ."

"ಮೊದ್ಲೇ ಯಾಕೆ ಮಾಡಿಸ್ಲಿಲ್ಲ?"

"ತಪ್ಪು ನಂದೇ," ಎಂದರು ದೋನ್ಯಾ ಬ್ರಿಹಿದಾ.

"ಅದನ್ನ ಶೆಡ್ಡಿಗ್ ಬಂದು ಹೇಳಿ."

ಹೋದರು. ಹಣ್ಣಿನ ಪೆಟ್ಟಿಗೆಗಳ ನಡುವೆ ನಿಂತು, ಅಂಗಿಯ ತೋಳು ಮೇಲಕ್ಕೆ ಮಡಚಿ ಭುಜದ ಕಲೆ ತೋರಿಸಿ, ತಪ್ಪು ತನ್ನದೆಂದರು.

"ಇನ್ನೂ ಸ್ವಲ್ಪ ತೋರ್ಸಿ, ದೋನ್ಯಾ!" ಎಂದು ಯಾವನೋ ಕಿಸಕ್ಕೆಂದ.

"ಮನೇಗ್ ಹೋಗಿ ಕನ್ನಡೀಲಿ ನಿನ್ ಮೂತಿ ನೋಡ್ಕೋ ಹೋಗೋ!"

ರಕ್ತದಲ್ಲಿ ಏನೂ ಇರಲಿಲ್ಲ. ಎಕ್ಸ್‌ರೇ ಕೂಡ ಸ್ವಚ್ಛ. ದೋನ್ಯಾ ಬ್ರಿಹಿದಾ ಯಾರೆಲಿಯನ್ನೂ ನನ್ನನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದರು. ಡಾಲ್ಬರ್ಗ್ ವರದಿಯನ್ನು ಬಿಡಿಸಲೂ ಇಲ್ಲ. "ಪಟ್ಟಿ ಮುಗ್ದೋಯ್ತು. ಮುಂದಿನ ವರ್ಷ ನೋಡೋಣ."

ದೋನ್ಯಾ ಬ್ರಿಹಿದಾ ಮೇಜು ಕುಟ್ಟಿದರು. "ಮೂರನೇ ಮಹಡೀಲಿ ನಿಮ್ಮಮ್ಮ ಮಲಗಿದ್ದಾಗ ಅವರ ಹೇಲು ಬಳಿದಿದ್ದು ಇದೇ ಕೈ. ಭುಜದಲ್ಲಿ ಇದೇ ಕಲೆ ಇತ್ತು. ಆಗ ಕೇಳಿದ್ರಾ ನೀವು?"

ಡಾಲ್ಬರ್ಗ್ ಮುಖ ಕೆಂಪಡರಿತು. ವರದಿ ಬಿಡಿಸಿ ಕೊನೆಯವರೆಗೆ ಓದಿದರು. "ಹುಡುಗಿ ಸೋಮವಾರ ಬರ್ಲಿ. ನೀವು ಮಾತ್ರ ಇನ್ಮೇಲೆ ಈ ಬಾಗಿಲು ದಾಟ್ಬೇಡಿ."

"ಬರ್ದು ಕೊಡಿ."

"ಯಾವ್ದನ್ನ?"

"ಎರಡನ್ನೂ."

ಸೋಮವಾರ ಶಾಲೆಯ ವ್ಯಾನು ಆಸ್ಪತ್ರೆಯೆದುರು ರಸ್ತೆಯ ಆಚೆಬದಿಯಲ್ಲೇ ನಿಂತಿತು. ನಾವು ನಾಲ್ವರು ಇಳಿದು ದಾಟಿದೆವು.

"ಯಾರೆಲಿ, ತಲೆಗೂದ್ಲು ಕಟ್ಕೊಳ್ಳೇ, ಪೆದ್ದಿ!" ಎಂದು ದೋನ್ಯಾ ಬ್ರಿಹಿದಾ ವ್ಯಾನಿನ ಕಿಟಕಿಯಿಂದ ಕಿರುಚಿದರು.

ಯಾರೆಲಿ ಕೂದಲು ಕಟ್ಟಿಕೊಂಡಳು. ತಿರುಗಿ ಮಾತ್ರ ನೋಡಲಿಲ್ಲ.