ಕಿತ್ತಳೆ ಸಿಪ್ಪೆಯ ವಾಸನೆ

“ರೀ, ಇದ್ರಲ್ಲಿ ಕಿತ್ತಳೆ ಸಿಪ್ಪೆ ವಾಸನೆ ಬರ್ತಿದ್ಯಾ?” ಬಿಯರ್ ಗ್ಲಾಸನ್ನು ಮೂಗಿನ ಬಳಿ ಹಿಡಿದು ಹೆಂಡತಿ ಸುಧಾ ಮೆಲ್ಲಗೆ ಕೇಳಿದಾಗ ನಾನು ನನ್ನ ಗ್ಲಾಸನ್ನು ಕೆಳಗಿಟ್ಟೆ. ಕೋವಿಡ್ ಬಂದುಹೋದ ಮೇಲೆ ಅವಳಿಗೆ ಒಗ್ಗರಣೆ ಸೀದ ವಾಸನೆಯೂ ತಿಳಿಯುತ್ತಿರಲಿಲ್ಲ.

ನೈರೋಬಿಯ ಕಿಲಿಮಾನಿ ಬಡಾವಣೆಯಲ್ಲಿ ಗೆಳೆಯ ಪ್ರಕಾಶನ ಮನೆಗೆ ಹೋಗಿದ್ದೆವು. ಅವನು ಅಮೆರಿಕದಿಂದ ತಂದಿದ್ದ , ಒಂದೊಂದಕ್ಕೆ ಒಂದೊಂದು ಹಣ್ಣಿನ ಘಮವಿರುವ ‘ಇಂಡಿಯಾ ಪೇಲ್ ಏಲ್’ ಎಂಬ ಕಹಿ ಬಿಯರ್‌ಗಳನ್ನು ಹೆಸರು ನೋಡದೆ ರುಚಿ ನೋಡಿ, ಯಾವುದು ಚೆನ್ನ ಎಂದು ಹೇಳುವ ಆಟ ನಡೆದಿತ್ತು. ಸುಧಾ ಕುಡಿಯುವುದಿಲ್ಲ. ಗ್ಲಾಸುಗಳನ್ನು ಹಂಚುವ ಕೆಲಸ ಅವಳದಾಗಿತ್ತು.

ತನ್ನದು ಬರೀ ಭ್ರಮೆಯೇನೋ ಎಂದು ಅವಳಿಗೇ ಅನುಮಾನ. ಪ್ರಕಾಶ ಅವಳ ಕಣ್ಣು ಮುಚ್ಚಿಸಿ, ಗ್ಲಾಸುಗಳನ್ನು ಅದಲುಬದಲು ಮಾಡಿ ಒಂದೊಂದಾಗಿ ಮೂಗಿನ ಬಳಿ ಹಿಡಿದ. ಇಲ್ಲ, ಇಲ್ಲ ಎಂದು ತಲೆಯಾಡಿಸುತ್ತಿದ್ದವಳು ಒಂದರ ಬಳಿ ತಡೆದು, “ಇದು” ಎಂದಳು. ಪ್ರಕಾಶ ಗ್ಲಾಸಿನ ತಳದಲ್ಲಿ ಬರೆದಿದ್ದ ಗುರುತು ನೋಡಿದ. “ಕರೆಕ್ಟ್ ಅತ್ತಿಗೆ, ಅದೇ ಗ್ಲಾಸು.” ಸುಧಾ ಕಣ್ಣು ತೆರೆಯದೆ ಅಳತೊಡಗಿದಳು. ಆಟ ಅಲ್ಲಿಗೇ ನಿಂತಿತು.

ಮರಳುವಾಗ ಟ್ಯಾಕ್ಸಿಯ ಕಿಟಕಿ ಇಳಿಸಿಯೇ ಕುಳಿತಿದ್ದ ಅವಳು, “ಎಲ್ಲೋ ಜೋಳ ಸುಡ್ತಿದಾರೆ” ಎಂದಳು. ತಿರುವು ದಾಟಿದ ಮೇಲೆ, ರಸ್ತೆ ಬದಿಯಲ್ಲಿ ಕೆಂಡದ ಮುಂದೆ ಕುಳಿತ ಹೆಂಗಸು ನನಗೂ ಕಂಡಳು.