ಶ್ರಾವಣ ಶುಕ್ರವಾರದ ಜಪಾನಿ ಹಾಡು

ಹದಿಮೂರರ ಮಗಳು ಆ ಸಿಡಿ ತಂದದ್ದು ಇಲ್ಲಿ ವಿಲಾಯತಿಯ ಕ್ರೋಯ್ಡನ್ನಿನ ಶಾಲೆಯ ಗೆಳತಿಯಿಂದ. ಯಾವುದೋ ಜಪಾನಿ ಕಾರ್ಟೂನ್ ಧಾರಾವಾಹಿಗೆಂದು ಇಬ್ಬರು ಹುಡುಗಿಯರು ಹಾಡಿದ್ದನ್ನೆಲ್ಲ ಒಟ್ಟು ಮಾಡಿದ ಆಲ್ಬಮ್ಮು. ಕವರಿನ ಮೇಲೆ ಮುಖಕ್ಕಿಂತ ಕಣ್ಣೇ ದೊಡ್ಡದಾದ ಚಿತ್ರದ ಹುಡುಗಿ. ಹಾಡಿದವರ ಫೋಟೋ ಒಳಗೆಲ್ಲೋ, ಉಗುರಿನಷ್ಟು. ಇವರಲ್ಲಿ ಹಾಡುವವರು ಯಾರು ಎಂದು ಕೇಳಿದರೆ "ಇಟ್ಸ್ ಕಾಂಪ್ಲಿಕೇಟೆಡ್, ಮಮ್" ಎಂದಳು.

ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಇದು. ಅಂಥವಳು ತಿಳಿಯದ ಭಾಷೆಯ ಹಾಡನ್ನು ಬಾಯಿಪಾಠ ಮಾಡಿ, ಒಬ್ಬಳ ಪಾಲು ತಾನು ಹಾಡಿ, ಇನ್ನೊಬ್ಬಳ ಪಾಲು ಬಂದಾಗ ಸುಮ್ಮನಾಗುತ್ತಿದ್ದಳು. ನನಗೆ ತಲೆಬುಡ ತಿಳಿಯಲಿಲ್ಲ. ರೊಟ್ಟಿ ಬಡಿಯುತ್ತಲೇ ಅಡುಗೆಮನೆಯಿಂದ "ಸಾಕು ಮಾಡ ಅದನ್ನ" ಎಂದು ಕೂಗುವುದು ದಿನದ ಪಾಡಾಯಿತು. ಸಿಟ್ಟೆಂದು ತೋರಿದ್ದು ನಿಜವಾಗಿ ಹೆದರಿಕೆ. ಮಗಳು ಕೈತಪ್ಪಿ ಹೋಗುತ್ತಿದ್ದಾಳೆ ಅನಿಸುತ್ತಿತ್ತು.

ಆ ವರ್ಷ ಶ್ರಾವಣ ಶುಕ್ರವಾರದ ಅರಿಷಿಣ-ಕುಂಕುಮಕ್ಕೆ ಊರಿನ ಇನ್ನೊಂದು ತುದಿಯ ಪಿನ್ನರಿನಲ್ಲಿರುವ ನನ್ನ ಗೆಳತಿ ಕರೆದಳು. ನಮ್ಮ ಧಾರವಾಡದ ಕಡೆ ಲಕ್ಷ್ಮಿಯ ಮುಂದೆ ಕೂತವರು ಒಂದು ಹಾಡು ಹೇಳದೆ ಏಳುವಂತಿಲ್ಲ. ಅಲ್ಲಿಯೂ ಅದೇ ಪದ್ಧತಿ. ಮಗಳ ಸರದಿ ಬಂದಾಗ ನಾನೇ ಅಡ್ಡಬಾಯಿ ಹಾಕಿ, "ಅಕೀಗೆ ಹಾಡು ಬರೂದಿಲ್ರಿ" ಎಂದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು, ಕಣ್ಣು ಮುಚ್ಚಿದಳು, ಜಪಾನಿ ಹಾಡನ್ನೇ ಶುರು ಮಾಡಿಬಿಟ್ಟಳು.

ಭೂಮಿ ಬಾಯಿಬಿಡಬಾರದೇ ಅನಿಸಿತು. ಆದರೆ ಯಾರೂ ನಗಲಿಲ್ಲ. ಕೆಲವರು ತಾಳ ಹಾಕಿದರು. ಸ್ವಲ್ಪ ಹೊತ್ತಿಗೆ ಅವಳು ಹಾಡು ನಿಲ್ಲಿಸಿಬಿಟ್ಟಳು. ಮರೆತದ್ದಲ್ಲ, ಅಲ್ಲಿ ಇನ್ನೊಬ್ಬಳು ಹಾಡಬೇಕಿತ್ತು. ಅವಳು ಕಣ್ಣು ತೆರೆದು ನನ್ನತ್ತ ನೋಡಿದಳು. ಮುಖ ಸಣ್ಣದಾಯಿತು. "ಇರಲಿ ಬಿಡವಾ" ಎಂದರು ಯಾರೋ. ಅದು ಕೇಳಿ ನನಗೇನಾಯಿತೋ, ಬಾಯಿ ತೆರೆದೆ. ಇನ್ನೊಬ್ಬಳ ಪಾಲು ತಾನಾಗಿ ಬಂತು. ಒಂದು ಶಬ್ದದ ಅರ್ಥವೂ ನನಗೆ ಗೊತ್ತಿರಲಿಲ್ಲ. ಮಗಳು ತನ್ನ ಸಾಲು ಎತ್ತಿಕೊಂಡಳು, ಇಬ್ಬರೂ ಸೇರಿ ಹಾಡು ಮುಗಿಸಿದೆವು.

ಬೆಳಗಾವಿಯ ಹಿರಿಯರೊಬ್ಬರು ಪಕ್ಕದ ಉಡುಪಿಯವರನ್ನು ಕೇಳಿದರು: "ಭಾಳ ಛಲೋ ಐತ್ರಿ. ನಿಮ್ಮ ತುಳು ಹಾಡೇನ್ರಿ ಇದು?"

"ಅಯ್ಯೋ, ನಾನು ನಿಮ್ಮ ಕಡೆಯ ಜಾನಪದ ಅಂದ್ಕೊಂಡೆ ಮಾರಾಯ್ರೆ!"

ಇಬ್ಬರೂ ನನ್ನತ್ತ ತಿರುಗಿದರು. ಕುಂಕುಮ ಹಚ್ಚಿಸಿಕೊಳ್ಳುವ ನೆಪದಲ್ಲಿ ನಾನು ಜಾಗ ಬದಲಿಸಿದೆ.

ವಿಕ್ಟೋರಿಯಾ ನಿಲ್ದಾಣದಿಂದ ಮನೆ ಕಡೆ ಹೊರಟ ರೈಲಿನಲ್ಲಿ ಮಗಳನ್ನು ಕೇಳಿದೆ: "ಏನು ಅರ್ಥ ಅದರದು? ದೇವರ ಮುಂದ ಹಾಡೇವಿ."

ತನಗೂ ಗೊತ್ತಿಲ್ಲ ಎಂದಳು, ಇಂಗ್ಲಿಷಿನಲ್ಲೇ. ನಾನು ಹಾಡಲು ಯಾಕೆ ಅಷ್ಟು ತಡ ಮಾಡಿದೆ ಎಂದು ಸಿಟ್ಟಾದಳು.

"ನನಗ ಬರತದ ಅಂತ ನನಗಽ ಗೊತ್ತಿರಲಿಲ್ಲಲ್ಲ!" ಎಂದೆ.

ಅವಳು ನನ್ನನ್ನೇ ವಿಚಿತ್ರವಾಗಿ ನೋಡಿದಳು. ರೊಟ್ಟಿ ಬಡಿಯುವಾಗ ನಾನು ದಿನಾ ಇನ್ನೊಬ್ಬಳ ಪಾಲನ್ನೇ ಗುನುಗುತ್ತೇನಂತೆ. ಅದಕ್ಕೇ ಆ ಪಾಲನ್ನು ತಾನು ಕಲಿಯದೆ ನನಗೆಂದೇ ಬಿಟ್ಟಿದ್ದಳಂತೆ.