ಅಮ್ಮ ಕರೆಯದ ಹೆಸರು

ಇಂದು ಹುಂಚದ ಬಸ್ಸಿನಲ್ಲಿ ಯಾರೋ ತಾಯಿ ತನ್ನ ಮಗಳನ್ನು "ಪದ್ಮಾವತೀ" ಎಂದು ಕರೆದಳು. ನಾನೂ ತಿರುಗಿದೆ.

ಹುಂಚದ ಪದ್ಮಾವತಿ ದೇವಿಗೆ ಹರಕೆ ಹೊತ್ತ ಮೇಲೆ ಹುಟ್ಟಿದ್ದಕ್ಕೆ ಅಪ್ಪನ ತಾಯಿಗೆ ದೇವಿಯದೇ ಹೆಸರು. ಆ ಅಜ್ಜಿಯ ಹೆಸರೇ ನನಗೂ. ಆದರೆ ಅತ್ತೆಯ ಹೆಸರನ್ನು ಸೊಸೆ ಹೇಳಬಾರದಲ್ಲ, ಅಮ್ಮನಿಗೆ ನಾನು ಬರೀ "ಕೂಸೇ". ಶಾಲೆಯಲ್ಲಿ ಮೊದಲ ಸಲ ಹಾಜರಿ ಕೂಗಿದಾಗ ಅಜ್ಜಿ ಬಂದರೇನೋ ಎಂದು ಬಾಗಿಲ ಕಡೆ ನೋಡಿದ್ದೆ.

"ಒಂದ್ಸಲ ಹೆಸ್ರಿಡಿದು ಕರಿಯಮ್ಮಾ" ಎಂದು ಗೋಗರೆದರೆ, ಮಜ್ಜಿಗೆ ಕಡೆಯುತ್ತಿದ್ದ ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಜಗುಲಿಯಿಂದ ಅಜ್ಜಿ, "ಕರೀಲಿ ನೋಡಾಣ, ನಾನೇ ಓಡಿ ಬತ್ತೀನಿ!" ಎನ್ನುತ್ತಿದ್ದರು.

ಹೋದ ತಿಂಗಳು ಅಮ್ಮ ತೀರಿಕೊಂಡಳು. ಹಿಂದಿನ ದಿನ, ಕಣ್ಣು ಮುಚ್ಚಿಕೊಂಡೇ "ಪದ್ಮಾವತೀ" ಎಂದಿದ್ದಳು. "ಎಂತಮ್ಮಾ?" ಎಂದೆ. ಕರೆದದ್ದು ನನ್ನನ್ನೋ, ಅತ್ತೆಯನ್ನೋ, ದೇವಿಯನ್ನೋ, ಇನ್ನೂ ತಿಳಿಯುತ್ತಿಲ್ಲ. ಓಗೊಟ್ಟವಳಂತೂ ನಾನೇ.